ಜೇನು ಎಂದು ಹೊಡೆದರೆ ತೆರೆಯುತ್ತಿದ್ದ ಸೈಟು

ಆ ಮೀಟಿಂಗಿನಲ್ಲಿ "ತಪ್ಪು ನನ್ನದು" ಎಂದು ನಾನು ಹೇಳಿದೆನೋ ಇಲ್ಲವೋ, ಖಚಿತವಿಲ್ಲ. ನೆನಪಿನಲ್ಲಿ ಎದ್ದು ನಿಂತು ಹೇಳಿದ್ದೇನೆ; ಕುರ್ಚಿ ಸರಿದ ಸದ್ದೂ ಕೇಳಿಸುತ್ತದೆ. ಆದರೆ ಇಷ್ಟು ಸ್ಪಷ್ಟವಾಗಿರುವುದನ್ನು ನಂಬಬಾರದು ಎಂಬುದೊಂದನ್ನೇ ವಿಶ್ವವಿದ್ಯಾಲಯ ನನಗೆ ಸರಿಯಾಗಿ ಕಲಿಸಿದ್ದು.

ಗಡಿಯಾಚೆ, ಮಲಯಾಳ ನಾಡಿನ ಮಾನಂದವಾಡಿಯ ಒಂದು ಜೇನು ಸಂಘಕ್ಕೆ, ಸಂಘದೊಳಗಿನವರು ಮಾತ್ರ ಬಳಸುವ ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ಕಾಡಿನಿಂದ ಜೇನು ತರುವವರ ಪಟ್ಟಿಯನ್ನು ಶಾಖೆಗಳಲ್ಲೇ ಕೂತು ಅದಕ್ಕೆ ತುಂಬಬೇಕು. ಹೊರಲೋಕಕ್ಕೆ ಆ ಸೈಟಿನ ಹೆಸರೇ ಗೊತ್ತಿರಲಿಲ್ಲ. ಆದರೆ ಪ್ರತಿ ಕಂಪ್ಯೂಟರಿನಲ್ಲೂ ಚಿಕ್ಕದೊಂದು ಫೈಲು ಇರುತ್ತದೆ; 'ಈ ಹೆಸರು ಹೊಡೆದರೆ ಆಫೀಸಿನ ಮೂಲೆಯ ಹಳೇ ಯಂತ್ರಕ್ಕೆ ಹೋಗು' ಎಂದು ಅದರಲ್ಲಿ ಒಂದು ಸಾಲು ಸೇರಿಸಿದರೆ ಪರೀಕ್ಷೆಗೆ ಸಾಕು. ನನ್ನ ಲ್ಯಾಪ್‌ಟಾಪಿನಲ್ಲಿ ಸೇರಿಸಿದೆ. ಬಸ್ಸು ಹಿಡಿದು ನೂಲ್ಪುಳ ಶಾಖೆಗೆ ಹೋಗಿ, ಅಲ್ಲಿನ ಗುಮಾಸ್ತೆ ನನಗೆ ಹಾಲಿಲ್ಲದ ಕಟ್ಟನ್ ಚಹಾ ತರಲು ಹೋಗಿದ್ದಾಗ ಅಲ್ಲೂ ಸೇರಿಸಿ, ತೆರೆದು ನೋಡಿ, ಮುಚ್ಚಿದೆ.

ಗುಮಾಸ್ತೆ ಗಡಿಭಾಗದ, ಕನ್ನಡ ಮಾತಾಡುವ ಮನೆಯವಳು. ಆರು ವರ್ಷದಿಂದ ತಾತ್ಕಾಲಿಕ. ಮೀಟಿಂಗಿನ ದಿನ ಶಾಖೆಯಿಂದಲೂ ಸೈಟು ತೆರೆದು ತೋರಿಸಿದರೆ ಕೆಲಸ ಕಾಯಂ ಎಂದು ಸಂಘದ ಕಾರ್ಯದರ್ಶಿ ಮಾತು ಕೊಟ್ಟಿದ್ದರು.

ಮೀಟಿಂಗಿನಲ್ಲಿ ನನ್ನ ಲ್ಯಾಪ್‌ಟಾಪಿನಲ್ಲಿ ಸೈಟು ತಟ್ಟನೆ ತೆರೆಯಿತು. ಚಪ್ಪಾಳೆ. ಅಷ್ಟರಲ್ಲಿ ನೂಲ್ಪುಳದಿಂದ ಫೋನು: ಇಲ್ಲಿ ತೆರೆಯುತ್ತಿಲ್ಲ.

"ಎಂದಾ ಮೋಳೇ, ಒಂದು ಹೆಸರು ಹೊಡೆಯೋಕೂ ಅರಿಯಿಲ್ಲೇ?" ಎಂದು ಮಗಳನ್ನು ಗದರುವಂತೆ ಕೇಳಿದರು ಕಾರ್ಯದರ್ಶಿ, ಫೋನಿನ ಸ್ಪೀಕರಿಗೆ ಬಾಗಿ.

"ಸರ್ಕ್ಯುಲರಲ್ಲಿ ಇದ್ದಂಗೇ ಹೊಡ್ದೆ ಸಾರೇ. ತೇನ್ ಅಂತ."

ಆಗ ನನಗೆ ಹೊಳೆಯಿತು. ಶಾಖೆಗಳಿಗೆ ಹೋದ ಸುತ್ತೋಲೆ ಮಲಯಾಳದ್ದು; ಅದರಲ್ಲಿ ಸೈಟಿನ ಹೆಸರು 'ತೇನ್', ಜೇನಿಗೆ ಅವರ ಮಾತು. ಎರಡೂ ಫೈಲುಗಳಲ್ಲಿ ನಾನು ಬರೆದದ್ದು 'ಜೇನು'. ಪರೀಕ್ಷಿಸುವಾಗಲೂ ಜೇನು ಎಂದೇ ಹೊಡೆದಿದ್ದೆ. ನಾನೇ ಪ್ರಶ್ನೆ ಕೇಳಿ, ನಾನೇ ಉತ್ತರ ಬರೆದು, ನಾನೇ ಪೂರ್ತಿ ಅಂಕ ಕೊಟ್ಟುಕೊಂಡಿದ್ದೆ.

ಕಾಯಂ ಮಾಡುವುದನ್ನು ಮುಂದೂಡಿದರು, ಆಕೆ ಕಂಪ್ಯೂಟರ್ ಕಲಿಯುವವರೆಗೆ. ಕಲಿಸಲು ನೇಮಿಸಿದ್ದು ನನ್ನನ್ನು.

ಮೊದಲ ಪಾಠದ ದಿನ ನಾನು ಆ ಸಾಲು ತಿದ್ದುವುದನ್ನು ಆಕೆ ಹಿಂದೆ ನಿಂತು ನೋಡಿದಳು.

"ಮನೇಲಿ ನಮಗೂ ಜೇನೇ ಸಾರೇ. ಆದ್ರೆ ನಾ ಆಪೀಸಲ್ಲಿದ್ದೆನಲ್ಲ?" ಎಂದು ನಕ್ಕಳು. ಆಮೇಲೆ ನಗದೆ ಕೇಳಿದಳು: "ತಪ್ಪು ನಿಮ್ದು, ನಂದಲ್ಲ ಅಂತ ಅವತ್ತು ಅಲ್ಲಿ ಹೇಳಿದ್ರಾ?"

"ಹೇಳಿದೆ. ಎದ್ದು ನಿಂತೇ ಹೇಳಿದೆ."

"ಹಂಗಾದ್ರೆ ಮಿನಿಟ್ಸಲ್ಲಿ ಇರ್ತದೆ. ಒಂದು ಕಾಪಿ ತಂದ್ಕೊಡಿ, ನನ್ನ ಅರ್ಜಿ ಜೊತೆ ಇಡ್ತೀನಿ."

ಮರುದಿನ ನಡಾವಳಿ ಪುಸ್ತಕ ತೆಗೆಸಿ ಎರಡು ಸಲ ಓದಿದೆ. ನನ್ನ ಬಗ್ಗೆ ಇದ್ದದ್ದು ಒಂದೇ ವಾಕ್ಯ: ಸೈಟಿನಲ್ಲಿ ಯಾವ ದೋಷವೂ ಇಲ್ಲವೆಂದು ತಂತ್ರಜ್ಞರು ಸಭೆಗೆ ತಿಳಿಸಿದರು. ಕೆಳಗೆ ನನ್ನ ಸಹಿ.