ಸೈಡ್ ಕೊಟ್ಟವನು

ಗೇರ್ ಸಿಕ್ಕಿಹಾಕಿಕೊಂಡಿತು ಎಂದು ಜ್ಞಾನೇಶ್ ಊರಿಗೆಲ್ಲ ಹೇಳಿದ್ದ. ಹೆಂಡತಿ ಜಯಶೀಲಾಳಿಗೂ ಅದನ್ನೇ ಹೇಳಿದ್ದ. ಶುದ್ಧ ಸುಳ್ಳು. ಆ ಗೇರ್ ಪಾಪ, ಬೆಣ್ಣೆಯ ಹಾಗೆ ಬೀಳುತ್ತಿತ್ತು.

ಮಲವಗೊಪ್ಪದ ಈ ಮನುಷ್ಯ ಲಾರಿ ಹತ್ತಿ ಇಪ್ಪತ್ತಾರು ವರ್ಷ. ಅದರಲ್ಲಿ ಹನ್ನೊಂದು ವರ್ಷ ರೇಸನ್ನೂ ಓಡಿಸಿದ. ಮೊದಮೊದಲು ಭದ್ರಾವತಿ ಕಡೆಯ ಕೆಮ್ಮಣ್ಣಿನ ಬಯಲಿನಲ್ಲಿ ಹಳೇ ಕಾರುಗಳ ಪಂದ್ಯ. ಧೂಳು ತಿಂದು ತಿಂದು ಎರಡು ಕಪ್ ಗೆದ್ದ. ಆಮೇಲೆ ಲಾರಿ ಡ್ರೈವರುಗಳನ್ನೇ ಆರಿಸಿ ಟ್ರಕ್ ರೇಸಿಗೆ ಇಳಿಸುವ ಚೆನ್ನೈನ ತಂಡವೊಂದು ಕರೆಯಿತು. ವಾರವೆಲ್ಲ ಲೋಡು, ತಿಂಗಳಿಗೊಮ್ಮೆ ಟ್ರ್ಯಾಕು. ಗೆದ್ದದ್ದು ನಾಲ್ಕು ಸಲ, ಸೊಂಟ ಹಿಡಿದುಕೊಂಡದ್ದಕ್ಕೆ ಲೆಕ್ಕವೇ ಇಲ್ಲ. ಊರವರದ್ದು ಬೇರೆ ರಾಗ: "ಟೀವೀಲಿ ಬರ್ತೀಯಂತಲ್ಲ ಮಾರಾಯ, ನಮ್ಮನೆ ಟೀವೀಲಿ ಯಾವತ್ತೂ ಕಾಣಲಿಲ್ಲ!" ಅವನು ನಗುತ್ತಿದ್ದ. ಈಚೀಚೆಗೆ ನಗುವುದಕ್ಕೂ ಸುಸ್ತಾಗುತ್ತಿತ್ತು.

ಅವನಿಗೆ ಲಾರಿ ಕಲಿಸಿದ ಚೌಡಪ್ಪ ಒಂದು ಮಾತನ್ನು ನೂರು ಸಲ ಹೇಳಿದ್ದ. "ಹಿಂದಿನವನು ಹಾರ್ನ್ ಹೊಡೆದ ಅಂದ್ರೆ ಅವನಿಗೇನೋ ಅರ್ಜೆಂಟ್ ಇರುತ್ತೆ. ಎಡಕ್ಕೆ ತಗೊಂಡು ಸೈಡ್ ಕೊಡು. ನಿನ್ನ ಅಪ್ಪನ ಗಂಟೇನೂ ಹೋಗಲ್ಲ." ಆ ಪಾಠ ತಲೆಗಿಂತ ಹೆಚ್ಚಾಗಿ ಕೈಗೆ ಹತ್ತಿತ್ತು.

ಕಳೆದ ಫೆಬ್ರವರಿಯಲ್ಲಿ ತಂಡದ ಯಜಮಾನ ನೇರವಾಗಿಯೇ ಹೇಳಿದ. ನಲವತ್ತಾರಾಯಿತು, ಈ ರೇಸ್ ಗೆದ್ದರೆ ಮುಂದಿನ ವರ್ಷವೂ ಸೀಟು ನಿನ್ನದು, ಇಲ್ಲದಿದ್ದರೆ ಮನೆ. ಜ್ಞಾನೇಶ್ ಹಲ್ಲು ಕಚ್ಚಿ ಓಡಿಸಿದ. ಕೊನೆಯ ಸುತ್ತು, ಅವನೇ ಮುಂದೆ. ಹಿಂದೆ ಸೇಲಂನ ಹೊಸ ಡ್ರೈವರ್, ಅವನೂ ಹೆದ್ದಾರಿಯಲ್ಲೇ ಬೆಳೆದವನು. ಟ್ರ್ಯಾಕಿನಲ್ಲಿ ಯಾರೂ ಹಾರ್ನ್ ಹೊಡೆಯುವುದಿಲ್ಲ. ಆ ಪುಣ್ಯಾತ್ಮ ಅಭ್ಯಾಸಬಲದಿಂದ ಪೋಂ ಎಂದು ಹೊಡೆದುಬಿಟ್ಟ.

ಅಷ್ಟೇ. ಜ್ಞಾನೇಶನ ಕೈ ಸ್ಟೇರಿಂಗನ್ನು ಎಡಕ್ಕೆ ತಿರುಗಿಸಿತು, ಕಾಲು ಆಕ್ಸಿಲರೇಟರಿನಿಂದ ಮೇಲೆದ್ದಿತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವುದು ಸುಮ್ಮನೆಯೇ? ಸೇಲಂನವನು ಬಲಗಡೆಯಿಂದ ದಾಟಿದ. ದಾಟುವಾಗ ಹೆದ್ದಾರಿಯಲ್ಲಿ ಮಾಡುವ ಹಾಗೇ ಒಂದು ಕೈ ಎತ್ತಿದ. ಆ ಕೈ ಕಂಡ ಮೇಲೆಯೇ ಇವನಿಗೆ ತಾನೇನು ಮಾಡಿದೆನೆಂದು ಗೊತ್ತಾದದ್ದು. ಅಯ್ಯೋ, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಸೈಡ್ ಕೊಟ್ಟು ಸೋತೆ ಎಂದು ಯಾವ ಬಾಯಲ್ಲಿ ಹೇಳುವುದು? ಅದಕ್ಕೇ ಗೇರಿನ ಮೇಲೆ ಹಾಕಿದ.

ಈಗ ಬರೀ ಲೋಡು. ಮೊನ್ನೆ ಕಾಗದನಗರದ ತಂಗಿಯ ಮನೆಗೆ ಹೋಗಿದ್ದ ಜಯಶೀಲಾಳನ್ನು ಲಾರಿಯಲ್ಲೇ ಕರೆದುಕೊಂಡು ಬರುತ್ತಿದ್ದ. ಹಿಂದಿನಿಂದ ಹಾರ್ನ್ ಕೇಳಿತು. ಜ್ಞಾನೇಶ್ ಸೈಡ್ ಕೊಡಲಿಲ್ಲ. ಮತ್ತೆ ಹಾರ್ನ್. ಅವನು ದವಡೆ ಬಿಗಿದು ಆಕ್ಸಿಲರೇಟರ್ ಒತ್ತಿದ. ಲಾರಿ ನಡುಗಿತು.

ಜಯಶೀಲಾ ಕನ್ನಡಿಯಲ್ಲಿ ನೋಡಿದಳು. "ಬಸ್ಸು ಕಣ್ರೀ, ತುಂಬ ಜನ ಇದಾರೆ. ನಿಮಗೇನು ಬಂತು ಇವತ್ತು? ಇಲ್ಲಿ ಗೆದ್ರೆ ಯಾರು ಕಪ್ ಕೊಡ್ತಾರೆ?"

ಅವನು ಆಕ್ಸಿಲರೇಟರಿನಿಂದ ಕಾಲು ತೆಗೆದ. ಲಾರಿಯನ್ನು ಎಡಕ್ಕೆ ತೆಗೆದುಕೊಂಡ. ಬಸ್ಸು ದಾಟಿತು, ಡ್ರೈವರ್ ಕಿಟಕಿಯಿಂದ ಕೈ ಎತ್ತಿದ.

"ನೋಡಿ, ಥ್ಯಾಂಕ್ಸ್ ಹೇಳ್ತಿದಾನೆ" ಅಂದಳು ಅವಳು.

"ಅವನೂ ಹೀಗೇ ಕೈ ಎತ್ತಿದ್ದ" ಅಂದ ಜ್ಞಾನೇಶ್. "ಸೇಲಂನವನು. ಆವತ್ತು, ಕೊನೇ ಸುತ್ತಲ್ಲಿ."

ಜಯಶೀಲಾ ಗಂಡನ ಕಡೆ ತಿರುಗಿದಳು. "ಹಾಗಾದ್ರೆ ಗೇರು?"

"ಗೇರ್ ಸರಿಯಾಗೇ ಇತ್ತು ಕಣೇ" ಅಂದ ಅವನು.