ಸುಮ್ನೆ ಗಿಡ

ಆ ದಿನ ಬೆಳಿಗ್ಗೆ ಕರಿಯಯ್ಯ ರಾಗಿ ರೊಟ್ಟಿ ತಿಂದು, ಹುಚ್ಚೆಳ್ಳು ಚಟ್ನಿಗೆ ಉಪ್ಪು ಸಾಲದು ಎಂದು ಗೊಣಗಿ, ಟವೆಲ್ಲು ಹೆಗಲಿಗೆ ಹಾಕಿಕೊಂಡು ನಾಲೆ ಏರಿಯ ಕಡೆ ಹೊರಟ. ಹಿಂದೆಯೇ ರಮ್ಯ ಹೊರಟಳು, ಕೊರಳಲ್ಲಿ ಕ್ಯಾಮೆರಾ. ಹುಣಸೂರಿನ ಒಂದು ಸಂಸ್ಥೆಯ ಹುಡುಗಿ. ಊರೂರಿನ ಮದ್ದಿನ ಗಿಡಗಳ ಫೋಟೋ ತೆಗೆದು, ಹೆಸರು ಕೇಳಿ, ಕಂಪ್ಯೂಟರಿಗೆ ಹಾಕುವುದು ಅವಳ ಕೆಲಸ. ಕಟ್ಟೆಮಳಲವಾಡಿಯಲ್ಲಿ ದನದ ಮದ್ದು ಎಂದರೆ ಕರಿಯಯ್ಯನೇ. ಬಿಸಿಲೇರಿದ ಮೇಲೆ ಇಬ್ಬರೂ ಏನೋ ಮಾತಾಡಿಕೊಂಡು ನಗುತ್ತ ಬಂದರು. ಹೆಂಡತಿ ಸುಂದ್ರಮ್ಮ ಮಜ್ಜಿಗೆ ಕೊಟ್ಟಳು. ಅಷ್ಟೇ ಆ ದಿನ.

ಮಾರನೇ ದಿನ ಎದೆ ಹಿಡಿದುಕೊಂಡು ಜಗಲಿ ಮೇಲೆ ಕೂತ ಕರಿಯಯ್ಯ ಮತ್ತೆ ಏಳಲಿಲ್ಲ.

ತಿಥಿ ಕಳೆದ ಮೇಲೂ ಜನ ಹಸು ಹಿಡಿದುಕೊಂಡು ಬರುತ್ತಿದ್ದರು. ಕೆಚ್ಚಲು ಬಾತರೆ ಅವನು ಹಚ್ಚುತ್ತಿದ್ದ ಹಸಿರು ಮದ್ದು ಬೇಕಿತ್ತು. ಅರೆದು ಕೊಡುತ್ತಿದ್ದವಳು ಸುಂದ್ರಮ್ಮನೇ. ಆದರೆ ಸೊಪ್ಪು ಅವಳ ಕೈಗೆ ಬರುವಾಗಲೇ ಜಜ್ಜಿ ಉಂಡೆಯಾಗಿರುತ್ತಿತ್ತು. ಗಿಡ ನೋಡಿದವಳಲ್ಲ. ಹೆಸರು ಬಾಯಿಬಿಟ್ಟರೆ ಮದ್ದಿನ ಗುಣ ಹೋಗುತ್ತದೆ ಎಂದು ಅವನ ಅಪ್ಪ ಹೇಳಿದ್ದನಂತೆ. ಇವನು ಹೆಂಡತಿಗೂ ಹೇಳಲಿಲ್ಲ. ಅವಳಿಗೆ ಗೊತ್ತಿದ್ದದ್ದು ವಾಸನೆ ಒಂದೇ. ಹಸಿ ಶುಂಠಿಯೂ ಅಲ್ಲ, ಮಾವಿನ ಸೊನೆಯೂ ಅಲ್ಲ, ಅಂಥದ್ದೊಂದು ವಾಸನೆ.

ಅಳುವುದಕ್ಕಿಂತ ಹೆಚ್ಚಾಗಿ ಅವಳಿಗೆ ಇದೇ ಯೋಚನೆ. ಯಾವ ಗಿಡ ಅದು? ಏರಿ ಮೇಲೆ ಕಂಡ ಕಂಡ ಎಲೆ ತಿಕ್ಕಿ ಮೂಸಿದಳು. ನೀನೂ ಮೇಕೆ ಆಗೋದೆ ಎಂದು ಪಕ್ಕದ ಮನೆ ಚಿಕ್ಕಬೀರಮ್ಮ ಅಣಕಿಸಿದಳು. ಆಮೇಲೆ ಚಿಕ್ಕಬೀರಮ್ಮನ ಹಸುವಿನ ಕೆಚ್ಚಲೇ ಕಲ್ಲಾಯಿತು. ಡಾಕ್ಟರು ಸೂಜಿ ಹಾಕಿ ಹೋದರು. ಆದರೂ ಕರು ಹತ್ತಿರ ಬಂದರೆ ಹಸು ಒದೆಯುತ್ತಿತ್ತು. ಅಣಕ ನಿಂತಿತು.

ಸುಂದ್ರಮ್ಮ ಬಸ್ಸು ಹತ್ತಿ ಹುಣಸೂರಿಗೆ ಹೋದಳು.

ರಮ್ಯ ಕಂಪ್ಯೂಟರಿನಲ್ಲಿ ಆ ದಿನದ ಫೋಟೋಗಳನ್ನು ಒಂದೊಂದಾಗಿ ತೋರಿಸಿ, ಕೆಳಗಿದ್ದ ಹೆಸರು ಓದಿದಳು. ಉತ್ತರಾಣಿ, ತುಂಬೆ, ಲಕ್ಕಿ. ಗಾಳಿಗೆ ಅಲ್ಲಾಡದಿರಲಿ ಎಂದು ರೆಂಬೆ ಹಿಡಿದ ಗಂಡನ ಕೈ ಎಲ್ಲದರಲ್ಲೂ ಇತ್ತು. ಮುಖ ಎಲ್ಲೂ ಇರಲಿಲ್ಲ. ಸುಂದ್ರಮ್ಮ ಮೂಗು ಹತ್ತಿರ ತಂದಳು. ಗಾಜಿಗೆ ಎಂಥ ವಾಸನೆ.

ಲಕ್ಕಿ ಆದ ಮೇಲೆ ಬಂದ ಫೋಟೋಗೆ ಅವಳು, "ನಿಲ್ಸವ್ವ" ಅಂದಳು. "ಇದುಕ್ಕೇನ್ ಹೆಸರು ಬರ್ದಿದ್ದೀಯ?"

"ಸುಮ್ನೆ ಗಿಡ ಅಂತ. ಯಜಮಾನ್ರೇ ಹೇಳಿದ್ದು ಅಮ್ಮ. ಇದೇನು ಅಂತ ಕೇಳ್ದೆ. ಅದು ಸುಮ್ನೆ ಗಿಡ ಕಣವ್ವ ಅಂದ್ರು. ಹೊಸ ಹೆಸರು ಸಿಕ್ತು ಅಂತ ಬರ್ಕೊಂಡೆ."

ಸುಂದ್ರಮ್ಮನಿಗೆ ನಗು ಬಂತು. ಅವನು ಹೋದ ಮೇಲೆ ಅದೇ ಮೊದಲು. ಏನೂ ಇಲ್ಲ ಎಂದು ಅವನು ಜಾರಿಕೊಂಡ ಮಾತು ಹೆಸರಾಗಿ ಕೂತಿತ್ತು.

"ಕೈ ನೋಡು ಮಗ. ಮಿಕ್ಕದ್ನೆಲ್ಲ ಬಲಗೈಲಿ ಇಡ್ಕೊಂಡವ್ರೆ, ಇದೊಂದು ಎಡಗೈ. ಕೆಚ್ಚಲ ಸೊಪ್ಪ ನಮ್ಮೋರು ಬಲಗೈಲಿ ಮುಟ್ತಿರ್ನಿಲ್ಲ. ಉಂಡೆ ನಂಗೆ ಕೊಡೋದೂವೆ ಎಡಗೈಲೇ."

ಫೋಟೋಗಳು ನಡೆದ ದಾರಿಯಂತೆ ಸಾಲಾಗಿದ್ದವು. ಹಿಂದಿನದು ತೂಬಿನ ಪಕ್ಕದ ಲಕ್ಕಿ, ಮುಂದಿನದು ಬೇಲಿಯ ಆಡುಸೋಗೆ. ಅವೆರಡರ ನಡುವೆ ಹುಡುಕಿದರಾಯಿತು. ಇಬ್ಬರೂ ಅದೇ ದಿನ ಏರಿಗೆ ಹೋದರು. ಏರಿಗೆ ಹೊಸ ಮಣ್ಣು ಸುರಿದಿದ್ದರು. ಮಣ್ಣಿನ ಅಂಚಿನಲ್ಲಿ ಗೇಣುದ್ದದ ಒಂದೇ ಒಂದು ಗಿಡ ಉಳಿದಿತ್ತು. ಸುಂದ್ರಮ್ಮ ಎಲೆ ತಿಕ್ಕಿ ಮೂಸಿದಳು. ಅದೇ ವಾಸನೆ. ಅಲ್ಲೇ ಕೂತುಬಿಟ್ಟಳು.

ಸೊಪ್ಪು ಅರೆದು ಹಚ್ಚಿದ ಮೇಲೆ ಚಿಕ್ಕಬೀರಮ್ಮನ ಹಸು ಕರುವಿಗೆ ಮೊಲೆ ಕೊಟ್ಟಿತು. ಸೂಜಿಯಿಂದಲೋ ಸೊಪ್ಪಿನಿಂದಲೋ ಎಂದು ಸುಂದ್ರಮ್ಮ ವಾದಕ್ಕೆ ಹೋಗಲಿಲ್ಲ.

ಹೆಸರು ಅಳಿಸಲೇ ಎಂದು ರಮ್ಯ ಕೇಳಿದಳು. "ಇರ್ಲಿ ಬುಡು. ಅವ್ರು ಯೋಳ್ದಂಗೇ ಇರ್ಲಿ" ಅಂದಳು ಸುಂದ್ರಮ್ಮ. ತಿಳಿದವರು ಹೇಳಲಿ ಎಂದು ರಮ್ಯ ಫೋಟೋವನ್ನು ಮೈಸೂರಿಗೂ ಕಳಿಸಿದ್ದಾಳೆ. ಗಿಡ ಯಾವುದೆಂದು ಅವರಿಗೂ ಇನ್ನೂ ಗೊತ್ತಾಗಿಲ್ಲ. ಕಂಪ್ಯೂಟರಿನಲ್ಲಿ ನೋಡಿದ ರಾವಂದೂರಿನವರು ಬಂದು ಕಡ್ಡಿ ಕೇಳಿದರು. ಗಿಡ ಇನ್ನಷ್ಟು ಬಲಿಯಲಿ ಎಂದು ಸುಂದ್ರಮ್ಮ ಅವರನ್ನು ವಾಪಸು ಕಳಿಸಿದ್ದಾಳೆ.

ಬೆಳಿಗ್ಗೆ ಎದ್ದವಳೇ ಸುಂದ್ರಮ್ಮ ಹಿತ್ತಿಲಿಗೆ ಹೋಗುತ್ತಾಳೆ. ಏರಿಯಿಂದ ಬೇರು ಸಮೇತ ತಂದು ನೆಟ್ಟ ಗಿಡಕ್ಕೆ ಕೋಳಿ ಕೆದಕದಂತೆ ಮುಚ್ಚಿದ ಕುಕ್ಕೆ ಎತ್ತಿ, ಅಕ್ಕಿ ತೊಳೆದ ನೀರು ಹುಯ್ದು, ಚಿಗುರು ಬಂದಿದೆಯೇ ಎಂದು ಬಗ್ಗಿ ನೋಡುತ್ತಾಳೆ.