ಬಿಳಿ ಹಾಳೆಯ ಕೆಳಗಿನ ಹೀರೋ

ದಾವಣಗೆರೆಯ ನಮ್ಮ ಓಣಿಯ ಮಕ್ಕಳ ಓದುಮನೆಯಲ್ಲಿ ಹೊಸ ಕಾಮಿಕ್ಸ್‌ಗಳ ಕೆಲವು ಪುಟಗಳಿಗೆ ಬಿಳಿ ಹಾಳೆ ಅಂಟಿಸಿದ್ದಾರೆ. ಸೂಪರ್ ಹೀರೋ ಕುಡಿಯುವ, ಸೋಲುವ, ಅಳುವ ಪುಟಗಳವು. ಇದು ತಪ್ಪು. ಮಕ್ಕಳಿಂದ ಸತ್ಯ ಮುಚ್ಚಿಡುವ ಹಕ್ಕು ಯಾರಿಗೂ ಇಲ್ಲ.

ನಿನ್ನೆ ಅಂಥ ಒಂದು ಪುಟ ಮುಟ್ಟಿದಾಗ ಮೈದಾ ಅಂಟಿನ ಹುಳಿ ವಾಸನೆ ಬಂತು. ಆಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ.

ಚಿಕ್ಕಂದಿನಲ್ಲಿ ಹರಿಹರದ ಮನೆಯಲ್ಲಿ ನಮ್ಮ ತಂದೆ, ಅಬ್ಬಾ, ಅದೇ ಅಂಟಿನಿಂದ ಪುಸ್ತಕಗಳಿಗೆ ಬೈಂಡ್ ಹಾಕುತ್ತಿದ್ದರು. ಶಾಲೆಯ ಕಾಮಿಕ್ಸ್ ಬಂದರೆ ಅವರೂ ಹೀಗೆಯೇ ಮಾಡುತ್ತಿದ್ದರು. "ಹೀರೋ ಅಳೋದನ್ನ ಮಕ್ಳು ನೋಡಬಾರ್ದು ಬೇಟಾ, ಧೈರ್ಯ ಹೋಗ್ತೈತೆ," ಎನ್ನುತ್ತಿದ್ದರು.

ಒಂದು ದಿನ ಅಂಟಿನ ಪಾತ್ರೆ ಉರುಳಿತ್ತು. ಅಕ್ಕನೇ ಉರುಳಿಸಿದಳೆಂದು ಅಬ್ಬಾ ಅವಳಿಗೆ ಹೊಡೆದರು. ನೆಲದ ಮೇಲೆ ಬೆಕ್ಕಿನ ಹೆಜ್ಜೆ ಕಂಡ ಮೇಲೆ ಊಟ ಬಿಟ್ಟು, ಗೋಡೆಗೆ ಮುಖ ಮಾಡಿ ಕೂತರು.

ಮರುದಿನ ನಾನು ಕುದಿಯುವ ಅನ್ನದ ಹಬೆಗೆ ಹಿಡಿದು, ಅಬ್ಬಾ ಅಂಟಿಸಿದ್ದ ಒಂದು ಬಿಳಿ ಹಾಳೆ ಬಿಡಿಸಿದೆ. ನಿರಪರಾಧಿಯನ್ನು ಹೊಡೆದಿದ್ದ ಹೀರೋ, ಮುಖವಾಡ ತೆಗೆದು, ಹೊಡೆಸಿಕೊಂಡವನ ಬಾಗಿಲಲ್ಲಿ ಕ್ಷಮೆ ಕೇಳುತ್ತಿದ್ದ.

"ಯಾಕ ಕಿತ್ತೆ?" ಅಬ್ಬಾ ಗದರಿದರು.

"ಇವ್ನೂ ನಿಮ್ಮಂಗೇ ತಪ್ಪು ಮಾಡ್ಯಾನ, ಅಬ್ಬಾ. ಆದ್ರ ಮಾಫಿ ಕೇಳಾಕ ಹೋಗ್ಯಾನ, ನೋಡ್ರಿ."

ಅಬ್ಬಾ ಬಹಳ ಹೊತ್ತು ಆ ಪುಟ ನೋಡಿದರು. ಆಮೇಲೆ ಅಕ್ಕನ ಹತ್ತಿರ ಹೋಗಿ, "ನಂದೇ ತಪ್ಪು ಬೇಟಾ," ಎಂದರು.

"ಬೆಕ್ಕಿನ ಪರವಾಗಿನೂ ಮಾಫಿ ಕೇಳ್ರಿ," ಎಂದಳು ಅಕ್ಕ, ಮೂಗು ಒರೆಸಿಕೊಳ್ಳುತ್ತಾ.

ಅಂದಿನಿಂದ ಅಬ್ಬಾ ಯಾವ ಪುಟವನ್ನೂ ಮುಚ್ಚಲಿಲ್ಲ.

ಓದುಮನೆಯವರನ್ನು ಕೇಳಲು ಹೋಗುತ್ತಿದ್ದೇನೆ. ಒಪ್ಪಿದರೆ ಹಾಳೆಗಳನ್ನು ಅಲ್ಲೇ ಬಿಡಿಸೋಣ. ಪುಟ ಹರಿಯದಂತೆ ಬಿಡಿಸಲು ಅಬ್ಬಾ ಬರುತ್ತಾರೆ. ನೀವೂ ಬನ್ನಿ: ಈ ಭಾನುವಾರ, ಬೆಳಿಗ್ಗೆ ಹತ್ತು ಗಂಟೆಗೆ, ಓದುಮನೆಯ ಬಾಗಿಲಲ್ಲಿ.